ಒಂದೇ ಅಪ್ಪನ ಮರಿಗಳು

ರೇಸ್‌ಕೋರ್ಸಿನಲ್ಲಿ ಅವನನ್ನು ಎಲ್ಲರೂ ಪುರಾಣ ಎಂದು ಕರೆಯುತ್ತಿದ್ದರು. ಹಿಂದಿನಿಂದ ಪುರಾಣ, ಎದುರಿಗೆ ಪುರಾಣದವರು. ಅವನಿಗೂ ಅದರಲ್ಲಿ ಬೇಸರವಿರಲಿಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು. ರೇಸಿನ ದಿನ ಗಾಜಿನ ಗೂಡಿನಲ್ಲಿ ಕುಳಿತು, ದುರ್ಬೀನು ಕಣ್ಣಿಗಿಟ್ಟು, ಯಾವ ಕುದುರೆ ಮುಂದೆ ಯಾವುದು ಹಿಂದೆ ಎಂದು ಮೈಕಿನಲ್ಲಿ ಒದರುವುದು ಅವನ ಕೆಲಸ. ಉಳಿದ ದಿನಗಳಲ್ಲಿ ನೋಡಲು ಬಂದವರಿಗೆ ಹಳೆಯ ಫೋಟೋಗಳ ಕೋಣೆಯನ್ನು ತೋರಿಸುವುದು. ಅಲ್ಲಿ ಒಮ್ಮೆ ಬಾಯಿ ತೆರೆದನೆಂದರೆ ಮುಗಿಯಿತು. ಬಂದವರು ಗಡಿಯಾರ ನೋಡಲಿ, ಆಕಳಿಸಲಿ, ಮಕ್ಕಳನ್ನು ಎತ್ತಿಕೊಂಡು ಮೆಲ್ಲಗೆ ಬಾಗಿಲ ಕಡೆ ಸರಿಯಲಿ, ಅವನ ಗಾಡಿ ನಿಲ್ಲುತ್ತಿರಲಿಲ್ಲ.

ಗೊತ್ತಿದ್ದದ್ದೂ ಅಷ್ಟಿತ್ತು ಎನ್ನಿ. ಇಂದು ಲೋಕದಲ್ಲಿ ಓಡುವ ಯಾವ ಥರೋಬ್ರೆಡ್ ತಳಿಯ ರೇಸಿನ ಕುದುರೆಯನ್ನೇ ಹಿಡಿದು, ಅದರ ಅಪ್ಪ, ಅಪ್ಪನ ಅಪ್ಪ ಎಂದು ಹಿಂದೆ ಹಿಂದೆ ಹೋದರೆ ಕೊನೆಗೆ ಬಂದು ನಿಲ್ಲುವುದು ಮೂರೇ ಮೂರು ಗಂಡು ಕುದುರೆಗಳ ಹತ್ತಿರ. ಸುಮಾರು ಮುನ್ನೂರು ವರ್ಷಗಳ ಹಿಂದೆ ಪೂರ್ವದ ದೇಶಗಳಿಂದ ಇಂಗ್ಲೆಂಡಿಗೆ ಬಂದಿಳಿದವು ಅವು. ಮರಿ ಯಾವ ತಿಂಗಳಲ್ಲೇ ಹುಟ್ಟಿರಲಿ, ವರ್ಷದ ಒಂದೇ ದಿನ ಎಲ್ಲ ಕುದುರೆಗಳಿಗೂ ಒಟ್ಟಿಗೆ ಒಂದು ವಯಸ್ಸು ಏರುತ್ತದೆ. ಇಷ್ಟು ಹೇಳಿ, ಕೇಳುವವರ ಕಣ್ಣು ಸೋಲತೊಡಗಿದಾಗ ಅವನು ತನ್ನ ಹಳೆಯ ತಮಾಷೆಯನ್ನು ಹೊರಗೆ ತೆಗೆಯುತ್ತಿದ್ದ. ಹೆಸರಾಂತ ಗಂಡು ಕುದುರೆಯೊಂದಕ್ಕೆ ಒಂದೇ ವರ್ಷದಲ್ಲಿ ನೂರು ಮರಿ ಹುಟ್ಟುವುದುಂಟು. ಅವನ್ನೆಲ್ಲ ಅಣ್ಣತಮ್ಮ, ಅಕ್ಕತಂಗಿ ಎನ್ನುತ್ತ ಕುಳಿತರೆ ಲಾಯದಲ್ಲಿರುವವರೆಲ್ಲ ನೆಂಟರೇ ಆದಾರು. ಆದ್ದರಿಂದ ರೇಸಿನ ಲೋಕದಲ್ಲಿ ತಾಯಿ ಒಂದಾದರೆ ಮಾತ್ರ ಒಡಹುಟ್ಟು. ಅಪ್ಪ ಒಂದೇ ಆದರೆ ಅದು ಬರೀ ಮುಖಪರಿಚಯ. ಇದಕ್ಕೆ ಜನ ನಕ್ಕೇ ನಗುತ್ತಿದ್ದರು. ಪದ್ಧತಿ ನಿಜವಾದದ್ದೇ, ಮುಖಪರಿಚಯ ಎಂಬ ಮಾತು ಮಾತ್ರ ಅವನ ಸ್ವಂತದ್ದು.

ಆ ಕೋಣೆಯ ಎಲ್ಲಕ್ಕಿಂತ ದೊಡ್ಡ ಫೋಟೋ ಅವನ ಅಪ್ಪನದು. ಅಪ್ಪ ಜಾಕಿಯಾಗಿದ್ದ, ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳದ ಕುದುರೆಯ ಮೇಲೆ ಕೂತು ರೇಸಿನ ದೊಡ್ಡ ಕಪ್ ಗೆದ್ದವನು. ಅವನು ತೀರಿಕೊಂಡು ಒಂದು ವರ್ಷವಾಗುತ್ತ ಬಂದಾಗ ರೇಸ್‌ಕೋರ್ಸಿನವರು ಅವನ ಹೆಸರಿನಲ್ಲಿ ಒಂದು ರೇಸು ಇಟ್ಟರು. ಅಂಥ ರೇಸಿನಲ್ಲಿ ಗೆದ್ದ ಕುದುರೆಯ ಲಗಾಮನ್ನು ಎರಡೂ ಕಡೆಯಿಂದ ಹಿಡಿದು, ಮೈದಾನದಿಂದ ಒಳಗೆ ನಡೆಸಿಕೊಂಡು ಬರುವುದು ತೀರಿಕೊಂಡವನ ಮಕ್ಕಳು. ಒಬ್ಬೊಬ್ಬರ ಹೆಸರನ್ನೂ ಮೈಕಿನಲ್ಲಿ ಕರೆಯುತ್ತಾರೆ, ಕುದುರೆಯ ಜೊತೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ, ಫೋಟೋ ಗೋಡೆಗೆ ಏರುತ್ತದೆ. ಆ ಗೋಡೆಗೆ ಏರಿದವರನ್ನು ಯಾರೂ ಇಳಿಸಿದ್ದಿಲ್ಲ. ಮಕ್ಕಳು ಎಷ್ಟು ಜನ ಎಂದು ಕಾರ್ಯದರ್ಶಿ ಕೇಳಿದಾಗ ಅವನು, ನಾನು ಮತ್ತು ನನ್ನ ತಂಗಿ, ಇಬ್ಬರೇ ಎಂದ. ಕೇಳಿದವನಿಗೂ ಗೊತ್ತಿತ್ತು, ಹೇಳಿದವನಿಗೂ ಗೊತ್ತಿತ್ತು, ಲೆಕ್ಕ ತಪ್ಪು ಎಂದು.

ಅಪ್ಪನಿಗೆ ಇನ್ನೊಂದು ಮನೆ ಇತ್ತು. ರೇಸ್‌ಕೋರ್ಸಿನ ಹಿಂಗೋಡೆಗೆ ಅಂಟಿಕೊಂಡ ಓಣಿಯಲ್ಲಿ, ಜಾಕಿಗಳ ಬಣ್ಣದ ಅಂಗಿಗಳನ್ನು ಹೊಲಿಯುವ ಹೆಂಗಸಿನ ಮನೆ. ಜಾಕಿಗಳು ತೂಕ ಇಳಿಸಲು ಉಣ್ಣೆಯ ಕೋಟಿನ ಮೇಲೆ ಕೋಟು ಹಾಕಿಕೊಂಡು ಮೈಲಿಗಟ್ಟಲೆ ನಡೆಯುತ್ತಾರಲ್ಲ, ಅಪ್ಪನೂ ಸಂಜೆಯಾದರೆ ಹಾಗೆ ಹೊರಡುತ್ತಿದ್ದ. ತೂಕ ಇಳಿಸಲು ಹೋದವನು ವೀಳ್ಯ ಹಾಕಿಕೊಂಡವನ ಹಾಗೆ ಮುಖ ಅರಳಿಸಿಕೊಂಡು ಬಂದರೆ ಯಾವ ಹೆಂಡತಿಗೆ ತಿಳಿಯುವುದಿಲ್ಲ? ಅಮ್ಮನಿಗೆ ತಿಳಿದಿತ್ತು. ಅವಳು ಬದುಕಿರುವವರೆಗೆ ಆ ಮನೆಯ ಸುದ್ದಿಯನ್ನು ಅವರ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. ಅಲ್ಲಿ ಒಬ್ಬಳು ಮಗಳು ಹುಟ್ಟಿದಳು, ಬೆಳೆದಳು, ತಾಯಿಯ ಕೈ ನಡುಗತೊಡಗಿದ ಮೇಲೆ ಹೊಲಿಗೆಯ ಯಂತ್ರದ ಮುಂದೆ ಅವಳೇ ಕುಳಿತಳು. ರೇಸ್‌ಕೋರ್ಸಿನ ಮೂಲೆಯಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದರು. ಅವನು ದಿನಕ್ಕೆ ಎರಡು ಸಲ ಅದರ ಮುಂದೆ ಹಾದುಹೋಗುತ್ತಿದ್ದ, ಎರಡು ಸಲವೂ ಆ ಕಡೆಗಿದ್ದ ಕಣ್ಣನ್ನು ಈ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ.

ಮೆರವಣಿಗೆಯ ಮುಂದೆ ಒಬ್ಬ ಸವಾರ ಅಪ್ಪ ದೊಡ್ಡ ಕಪ್ ಗೆದ್ದ ದಿನದ ಬಣ್ಣಗಳನ್ನು ತೊಟ್ಟು ಹೋಗಬೇಕು ಎಂದು ತೀರ್ಮಾನವಾಗಿತ್ತು. ಹಸಿರು ಮೈ, ಹಳದಿ ತೋಳು. ಅಂಗಿ ಹೊಲಿದು ಮುಗಿಸಿ ಅವಳೇ ತಂದಳು. ಫೋಟೋ ಕೋಣೆಯಲ್ಲಿ ಆಗ ಕಾರ್ಯದರ್ಶಿಯೂ ಕುದುರೆ ಡಾಕ್ಟರೂ ಕುಳಿತು ಅವನ ಜೊತೆ ಟೀ ಕುಡಿಯುತ್ತಿದ್ದರು. ಅಂಗಿಯನ್ನು ಮೇಜಿನ ಮೇಲೆ ಹರಡಿ, ಅದರ ತೋಳು ನೇರ ಮಾಡಿ, ಅವಳು ಹೊರಟುಬಿಡಬಹುದಾಗಿತ್ತು. ಹೊರಡಲಿಲ್ಲ.

"ಸರ್, ಒಂದು ಮಾತು," ಎಂದಳು ಅವನಿಗೆ. "ಆ ದಿನ ನಾನೂ ಕೊನೇಲಿ ನಿಂತ್ಕೊಬಹುದಾ? ಲಗಾಮು ಗಿಗಾಮು ಏನೂ ಬೇಡ. ಅಮ್ಮಂಗೆ ನಡೆಯೋಕಾಗಲ್ಲ, ಗೋಡೆ ಆಚೆಯಿಂದ ಮೈಕ್ ಮಾತ್ರ ಕೇಳಿಸುತ್ತೆ. ನೀವು ಹೆಸರು ಕರೀತೀರಲ್ಲ, ಅದನ್ನ ಕೇಳಿದ್ರೆ ಸಾಕು ಅಂತಾಳೆ."

ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ, ಹಕ್ಕು ಎಂದೂ ಅನ್ನಲಿಲ್ಲ. ಅಂಗಿಯ ಅಳತೆ ಕೇಳುವ ಹಾಗೆ ಕೇಳಿದಳು. ಪುರಾಣನಿಗೆ ಇಬ್ಬರ ಎದುರು ಮೈಯೆಲ್ಲ ಮುಳ್ಳೆದ್ದ ಹಾಗಾಯಿತು. ಆಗಲ್ಲ ಎಂದಿದ್ದರೆ ಒರಟನಾಗುತ್ತಿದ್ದ, ಅಷ್ಟೇ. ಯೋಚನೆ ಮಾಡೋಣ ಎಂದಿದ್ದರೆ ಹೇಡಿಯಾಗುತ್ತಿದ್ದ, ಅದಾದರೂ ಪರವಾಗಿಲ್ಲ. ಅವನಿಗೆ ಬಂದದ್ದು ಮಾತ್ರ ಚುರುಕು ಮಾತು. ವರ್ಷಗಟ್ಟಲೆ ಹೇಳಿ ಹೇಳಿ ನುಣುಪಾದ ಮಾತು ನಾಲಿಗೆಯ ತುದಿಯಲ್ಲೇ ಕುಳಿತಿತ್ತು.

"ಇಲ್ಲಿಯ ಪದ್ಧತಿ ನಿಮಗೆ ಗೊತ್ತಲ್ಲ," ಎಂದ. "ಅಪ್ಪ ಒಂದೇ ಆದ್ರೆ ಅದು ಬರೀ ಮುಖಪರಿಚಯ. ನಾನು ಮಾಡಿದ್ದಲ್ಲ, ಕುದುರೆಗಳ ಕಾನೂನು."

ಕಾರ್ಯದರ್ಶಿ ಟೀ ತುಳುಕುವ ಹಾಗೆ ನಕ್ಕ. ಕುದುರೆ ಡಾಕ್ಟರು ನಗಲು ಹೋಗಿ, ಅರ್ಧದಲ್ಲೇ ನಿಲ್ಲಿಸಿ ತನ್ನ ಬೂಟುಗಳನ್ನು ನೋಡಿಕೊಂಡರು. ಅವಳೂ ಸ್ವಲ್ಪ ನಕ್ಕಳು. ಅದೇ ಅವನನ್ನು ಆಮೇಲೆ ಕೊಂದದ್ದು.

"ಹೌದು ಸರ್. ಬಂದೋರಿಗೆಲ್ಲ ಹೇಳ್ತಿರ್ತೀರಿ, ಕಿಟಕಿಯಿಂದ ಕೇಳಿಸುತ್ತೆ," ಎಂದು ಅಂಗಿಯ ಮೇಲಿದ್ದ ಒಂದು ದಾರದ ಎಳೆಯನ್ನು ಬೆರಳಿಗೆ ಸುತ್ತಿಕೊಂಡು ಹೊರಗೆ ಹೋದಳು.

ಅವಳು ಹೋದ ಮೇಲೆ ಟೀ ಆರಿತು. ಮಾತು ಬೇರೆ ಕಡೆಗೆ ಹೊರಳಿತು, ಯಾವುದೋ ಕುದುರೆಯ ಮೊಣಕಾಲಿನ ಊತದ ಕಡೆಗೆ. ಪುರಾಣ ಹೂಂಗುಟ್ಟುತ್ತ ಕುಳಿತ. ಆ ದಿನವೇ ಮಧ್ಯಾಹ್ನ ಒಂದು ಗುಂಪು ಕೋಣೆ ನೋಡಲು ಬಂತು. ಮೂರು ಕುದುರೆಗಳು ಪೂರ್ವದಿಂದ ಹೊರಟು ಬಂದವು, ಎಲ್ಲ ಕುದುರೆಗಳಿಗೂ ಒಂದೇ ದಿನ ವಯಸ್ಸೇರಿತು, ನೂರು ಮರಿಗಳೂ ಹುಟ್ಟಿದವು. ಅಲ್ಲಿಗೆ ಬಂದು ಅವನ ನಾಲಿಗೆ ಒಣಗಿತು. ಕಿಟಕಿ ತೆರೆದೇ ಇತ್ತು. ಅದರಾಚೆ ಹೊಲಿಗೆಯ ಯಂತ್ರ ಟರ್ರೆಂದು ಓಡುತ್ತಿತ್ತು, ನಿಂತಿತು, ಮತ್ತೆ ಓಡಿತು. ಇಷ್ಟು ವರ್ಷ ಅವಳು ಇದನ್ನು ದಿನವೂ ಕೇಳಿಸಿಕೊಂಡಿದ್ದಳು ಎಂದು ಅವನಿಗೆ ಆಗ ಹೊಳೆಯಿತು. ಇವತ್ತು ಇಷ್ಟೇ ಎಂದು ಹೇಳಿ ಬಂದವರನ್ನು ಸಾಗಹಾಕಿದ. ಪುರಾಣ ಅರ್ಧಕ್ಕೇ ನಿಂತದ್ದು ಅದೇ ಮೊದಲು. ಬಂದವರು ಪಾಪ, ಬಹಳ ಸಂತೋಷದಿಂದ ಹೋದರು.

ಅವನು ಕೆಟ್ಟವನಲ್ಲ. ಆದರೆ ಕೆಟ್ಟವನಲ್ಲ ಎನ್ನುವುದು ದೊಡ್ಡ ಸಂಗತಿಯೂ ಅಲ್ಲ. ಕನ್ನಡಿಯಲ್ಲಿ ಗಡ್ಡ ಹೆರೆಯುವಾಗ ತನ್ನದೇ ಮುಖ ಎದುರಾದರೆ, ಹೀಗೇ ಅಲ್ಲವೇ ಅವಳ ಮೂಗೂ ಇರುವುದು ಎನ್ನಿಸುತ್ತಿತ್ತು. ಎರಡು ದಿನ ತಡೆದುಕೊಂಡು, ಮೂರನೆಯ ದಿನ ಹಿಂಗೋಡೆಯ ಓಣಿಗೆ ಹೋದ. ಬದುಕಿನಲ್ಲಿ ಮೊದಲ ಸಲ. ಅಪ್ಪ ನಡೆದದ್ದು ಮೈಲಿಗಟ್ಟಲೆ ಎಂದು ಅವನು ನಂಬಿದ್ದ. ನೋಡಿದರೆ ಅರ್ಧ ಮೈಲಿಯೂ ಇರಲಿಲ್ಲ.

ಬಾಗಿಲು ತೆರೆದದ್ದು ಮುದುಕಿ, ಗೋಡೆ ಹಿಡಿದುಕೊಂಡು. ಏನೆಂದು ಕರೆಯಬೇಕೋ ತಿಳಿಯದೆ ಅವನು ಹೊಸ್ತಿಲ ಮೇಲೆ ನಿಂತ. ಚಿಕ್ಕಮ್ಮ ಎನ್ನಲು ಬಾಯಿ ಬರಲಿಲ್ಲ. ಅವಳಿಗೆ ಆ ಕಷ್ಟವೇ ಇರಲಿಲ್ಲ. ಬಾರಪ್ಪ ಮಗನೇ ಎಂದು ಒಳಗೆ ಕರೆದು ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಸರಿಸಿದಳು. ಸಣ್ಣ ಕೋಣೆ, ಮೂಲೆಯಲ್ಲಿ ಹಳೆಯ ಯಂತ್ರ, ಗೋಡೆಗೆ ಗುಂಡಿಗಳ ಡಬ್ಬಿಗಳ ಸಾಲು, ಎತ್ತರದಲ್ಲೊಂದು ಕಿಟಕಿ. ರೇಸಿನ ದಿನ ಆ ಕಿಟಕಿಯ ಕೆಳಗೆ ಕುಳಿತರೆ ಅವನ ಧ್ವನಿ ಒಂದಕ್ಷರ ಬಿಡದೆ ಕೇಳಿಸುತ್ತದಂತೆ. ಮಗ ಮೈಕಿಗೆ ಬಂದ ಮೊದಲ ದಿನ ಅಪ್ಪ ಅಲ್ಲೇ ಕುಳಿತು ಕೇಳಿದನಂತೆ, ಓಟ ಮುಗಿಯುವವರೆಗೆ ಯಾರೂ ಉಸಿರೆತ್ತಬಾರದು ಎಂದು ತಾಯಿ ಮಗಳಿಬ್ಬರನ್ನೂ ಗದರಿಸಿದನಂತೆ. ಇದನ್ನೆಲ್ಲ ಅವಳು ನಗುನಗುತ್ತ ಹೇಳಿದಳು. ಅವನಿಗೆ ಕುಳಿತ ಕುರ್ಚಿ ಚುಚ್ಚುತ್ತಿತ್ತು.

ತಪ್ಪಾಯಿತು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಮುದುಕಿಯೇ ಮಾತು ತೆಗೆದಳು.

"ನೀನು ಕರೆದೆಯಂತೆ ಅವಳನ್ನ. ಹೇಳಿದಳು. ದೊಡ್ಡ ಮನಸ್ಸಪ್ಪ ನಿಂದು. ಇವಳೇ ಹಟಮಾರಿ, ಆ ದಿನ ಕೆಲಸ ಜಾಸ್ತಿ ಅಂತೆ, ನಿಲ್ಲೋಕೆ ಪುರುಸೊತ್ತಿಲ್ವಂತೆ. ನೀನೇ ಒಂದು ಮಾತು ಗದರಿಸಿ ಹೇಳು, ಅಣ್ಣ ಅಲ್ವಾ."

ನೆಲ ಬಾಯಿ ಬಿಟ್ಟು ನುಂಗಬಾರದೇ ಎನ್ನುತ್ತಾರಲ್ಲ, ಅವನಿಗೆ ಅದೇ ಆಯಿತು. ಅವಳು ಅವನ ಮಾತನ್ನು ತಾಯಿಗೆ ಹೇಳಿರಲಿಲ್ಲ. ಅವನ ಮಾನ ಉಳಿಸಲೋ, ತಾಯಿಯ ಮನಸ್ಸು ಉಳಿಸಲೋ, ಅಂತೂ ಅವನು ಮಾಡದ ಒಳ್ಳೆಯತನವೊಂದನ್ನು ಅವನ ಲೆಕ್ಕಕ್ಕೆ ಬರೆದು, ತಪ್ಪನ್ನು ತನ್ನ ಮೇಲೆ ಎಳೆದುಕೊಂಡಿದ್ದಳು. ಅಷ್ಟರಲ್ಲಿ ಅವಳೂ ಬಂದಳು, ಕೈಯಲ್ಲಿ ಸೊಪ್ಪಿನ ಚೀಲ. ಅವನನ್ನು ನೋಡಿ ಬಾಗಿಲಲ್ಲೇ ನಿಂತಳು.

ನೋಡೇ, ಅಣ್ಣ ಮನೆವರೆಗೂ ಬಂದಿದ್ದಾನೆ, ಇನ್ನಾದರೂ ಒಪ್ಪಿಕೋ ಎಂದಳು ಮುದುಕಿ. ಅವನು ಎದ್ದು ನಿಂತು, ಬರಲೇಬೇಕು ಎಂದ. ಹೆಸರು ಕರೆದೇ ಕರೆಯುತ್ತೇನೆ, ನೀವು ಕಿಟಕಿಯ ಹತ್ತಿರ ಕೂತಿರಿ ಎಂದು ಮುದುಕಿಗೂ ಮಾತು ಕೊಟ್ಟ. ನೋಡೋಣ ಎಂದಷ್ಟೇ ಅಂದ ಮಗಳು ಅವನನ್ನು ಬೀಳ್ಕೊಡುವವಳ ಹಾಗೆ ಓಣಿಯವರೆಗೆ ಬಂದಳು.

"ಅಲ್ಲಿ ಜನರ ಮುಂದೆ ಒಂದು ಮಾತು, ಇಲ್ಲಿ ಅಮ್ಮನ ಮುಂದೆ ಒಂದು ಮಾತು ಬೇಡ," ಎಂದಳು ತಗ್ಗಿದ ಧ್ವನಿಯಲ್ಲಿ. "ಅಲ್ಲೇ, ಆ ಜನರ ಮುಂದೇನೇ ಹೆಸರು ಹಿಡಿದು ಕರೀರಿ. ಬರ್ತೀನಿ. ಇಲ್ಲಾಂದ್ರೆ ನನಗೇನೂ ಬೇಜಾರಿಲ್ಲ."

ಆಗಲಿ ಎಂದು ಅವನು ಹೊರಟ. ಓಣಿಯ ತಿರುವಿಗೆ ಬಂದವನು ಅಲ್ಲೇ ನಿಂತುಬಿಟ್ಟ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ.

ಕುದುರೆಯೊಂದರ ತಾಯಿ, ತಾಯಿಯ ತಾಯಿ, ಅವಳ ತಾಯಿ ಎಂದು ಹತ್ತು ತಲೆಮಾರಿನ ಹೆಸರನ್ನು ಉಸಿರು ಕಟ್ಟಿ ಹೇಳಬಲ್ಲವನು ಅವನು. ಇವಳಿಗೆ ಹೆಸರೊಂದು ಇರುತ್ತದೆ ಎಂದು ಕೂಡ ಯೋಚಿಸಿರಲಿಲ್ಲ. ಅವರ ಮನೆಯಲ್ಲಿ ಅವಳು 'ಆ ಮನೆಯದು'. ರೇಸ್‌ಕೋರ್ಸಿನಲ್ಲಿ ಟೈಲರಮ್ಮ. ಅವಳ ತಾಯಿಯೂ ಈಗಷ್ಟೇ ಅವಳು, ಇವಳು, ನೋಡೇ ಎಂದಿದ್ದಳೇ ಹೊರತು ಹೆಸರು ಹಿಡಿದಿರಲಿಲ್ಲ. ವಾಪಸು ಹೋಗಿ ಬಾಗಿಲು ತಟ್ಟಿ, ನಿನ್ನ ಹೆಸರೇನು ಎಂದು ಕೇಳುವುದೇ? ಯಾವ ಮುಖ ಹೊತ್ತುಕೊಂಡು?

ತಂಗಿಗೆ ಫೋನು ಮಾಡಿದ. ಅವಳು, ಅಮ್ಮ ಇದ್ದಾಗ ಆ ಮನೆ ಮಾತೇ ಎತ್ತಲಿಲ್ಲ, ನನಗೆಲ್ಲಿಂದ ಗೊತ್ತಿರಬೇಕು ಎಂದಳು. ಅವಳ ಧ್ವನಿಯಲ್ಲೂ ಒಂದು ತರಹದ ಸಂಕೋಚವಿತ್ತು. ಆ ಮನೆಯವಳು ನಮ್ಮ ಜೊತೆ ನಿಲ್ಲುವುದಕ್ಕೆ ನಿನಗೆ ಬೇಜಾರೇ ಎಂದು ಕೇಳಿದ್ದಕ್ಕೆ, ಹೆಸರೇ ಗೊತ್ತಿಲ್ಲದವರ ಮೇಲೆ ಎಂಥ ಬೇಜಾರು ಎಂದಳು. ಲಾಯದವರನ್ನು ಸುತ್ತಿ ಬಳಸಿ ಕೇಳಿದ. ಟೈಲರಮ್ಮನ ಹೆಸರು ಟೈಲರಮ್ಮನೇ, ಮತ್ತೇನು ಎಂದರು ಅವರು. ಕಚೇರಿಯಲ್ಲಿ ಕಾರ್ಯದರ್ಶಿಯೂ, ನಮ್ಮಲ್ಲಿ ಟೈಲರ್ ಎಂದೇ ಇರೋದು, ಯಾಕೆ ಎಂದು ಹುಬ್ಬು ಹಾರಿಸಿದ. ಕೊನೆಗೆ ಅವಳ ಕೋಣೆಗೇ ಹೋದ. ಹೋಗಲು ಒಂದು ನೆವ ಬೇಕಲ್ಲ, ಕೋಟಿನ ಗುಂಡಿಯನ್ನು ತಾನೇ ಕಿತ್ತುಕೊಂಡು ಹೋದ. ಅವಳು ಹೊಲಿದು ಕೊಟ್ಟಳು. ಅವನು ಥ್ಯಾಂಕ್ಸ್ ಎಂದ, ಸೆಕೆ ಜಾಸ್ತಿ ಎಂದ, ಗುಂಡಿ ಗಟ್ಟಿಯಾಗಿದೆ ಎಂದ. ಮರುದಿನ ಇನ್ನೊಂದು ಗುಂಡಿ ಕಿತ್ತುಕೊಂಡು ಹೋದ. ಅದೂ ಗಟ್ಟಿಯಾಯಿತು. ಇಡೀ ರೇಸ್‌ಕೋರ್ಸಿನಲ್ಲಿ ಅವನಷ್ಟು ಭದ್ರವಾದ ಕೋಟು ಯಾರದ್ದೂ ಇರಲಿಲ್ಲ, ಅವನಷ್ಟು ಸಣ್ಣ ಮನುಷ್ಯನೂ ಯಾರೂ ಇರಲಿಲ್ಲ ಎಂದು ಅವನಿಗೇ ಅನ್ನಿಸಿತು.

ಆ ದಿನ ಬಂತು. ಹಸಿರು ಮೈ ಹಳದಿ ತೋಳಿನ ಸವಾರ ಮುಂದೆ ಹೋದ, ಜನ ಚಪ್ಪಾಳೆ ತಟ್ಟಿದರು. ಓಟವನ್ನು ಅವನು ಹೇಗೆ ಹೇಳಿ ಮುಗಿಸಿದನೋ ಅವನಿಗೇ ನೆನಪಿಲ್ಲ. ಬಾಯಿ ತಾನೇ ಅಭ್ಯಾಸದಿಂದ ಓಡಿತು. ಒಂದು ಕಂದು ಬಣ್ಣದ ಹೆಣ್ಣು ಕುದುರೆ ಗೆದ್ದಿತು. ಅವನು ಗೂಡಿನಿಂದ ಇಳಿದು, ತಂತಿಯಿಲ್ಲದ ಮೈಕನ್ನು ಹಿಡಿದು ಕೆಳಗೆ ಓಡಿದ. ಕುದುರೆ ಮೈದಾನದಿಂದ ಹೊರಬರುವ ದಾರಿಯಲ್ಲಿ ತಂಗಿ ಹೊಸ ಚಪ್ಪಲಿ ಹುಲ್ಲಿನಲ್ಲಿ ಹೂತುಕೊಳ್ಳುತ್ತಿದ್ದರೂ ನೇರವಾಗಿ ನಿಂತಿದ್ದಳು. ಕಾರ್ಯದರ್ಶಿ ಇದ್ದ, ಕುದುರೆ ಡಾಕ್ಟರಿದ್ದರು. ಕಟಕಟೆಯ ಆಚೆ, ಲಾಯದವರ ನಡುವೆ, ಅವಳಿದ್ದಳು. ಹೆಗಲ ಮೇಲೆ ಅಳತೆ ಪಟ್ಟಿ ಹಾಗೇ ಇತ್ತು, ಕೆಲಸದ ಮಧ್ಯೆ ಎದ್ದು ಬಂದವಳ ಹಾಗೆ.

ಅವನು ತನ್ನ ಹೆಸರು ಹೇಳಿದ. ತಂಗಿಯ ಹೆಸರು ಕರೆದ. ಅವಳು ಮುಂದೆ ಬಂದು ಲಗಾಮಿನ ಒಂದು ಕಡೆ ಹಿಡಿದಳು. ಇನ್ನೊಂದು ಕಡೆ ಅವನ ಕೈಯಲ್ಲಿತ್ತು. ಕಾರ್ಯದರ್ಶಿ ಫೋಟೋದವನಿಗೆ ಸನ್ನೆ ಮಾಡಿದ.

"ಇನ್ನೂ ಒಬ್ಬರಿದ್ದಾರೆ," ಎಂದ ಪುರಾಣ ಮೈಕಿನಲ್ಲಿ. "ನಮ್ಮಪ್ಪನ ಇನ್ನೊಬ್ಬಳು ಮಗಳು. ನನ್ನ ತಂಗಿ."

ಜನ ಕುಳಿತ ಸ್ಟ್ಯಾಂಡಿನಲ್ಲಿ ತಲೆಗಳು ತಿರುಗಿದವು. ಅವಳು ಕಟಕಟೆಯ ಆಚೆ ಅಲುಗದೆ ನಿಂತಿದ್ದಳು. ಹೆಸರು ಹಿಡಿದು ಕರೀರಿ ಎಂದಿದ್ದಳಲ್ಲ, ಅದಕ್ಕೇ ಕಾಯುತ್ತಿದ್ದಳು. ಬೆವರಿದ ಕುದುರೆ ತಲೆ ಕೊಡವಿತು. ಸವಾರ ಇಳಿದು ತಕ್ಕಡಿ ಏರಿ ತೂಕ ಕೊಡುವವರೆಗೆ ಓಟದ ಫಲ ಗಟ್ಟಿಯಲ್ಲ, ಜೀನಿನ ಮೇಲಿದ್ದ ಜಾಕಿ ತಳಮಳಿಸುತ್ತಿದ್ದ. ಏನ್ರೀ ತಡ ಎಂದು ಕಾರ್ಯದರ್ಶಿ ಹಲ್ಲುಕಚ್ಚಿ ಕೇಳಿದ. ಬಾಯಿಗೆ ಬಂದ ಯಾವುದಾದರೂ ಚುರುಕು ಮಾತಾಡಿ ಪಾರಾಗಬಹುದು ಎಂದು ಅವನಿಗೆ ಒಂದು ಗಳಿಗೆ ಅನ್ನಿಸಿತು. ಟೈಲರಮ್ಮ ಎಂದು ಕರೆದರೂ ಜನ ಚಪ್ಪಾಳೆ ತಟ್ಟುತ್ತಿದ್ದರು. ಅವನು ಲಗಾಮು ಬಿಟ್ಟು ಕಟಕಟೆಯ ಹತ್ತಿರ ನಡೆದ. ಅವಳ ಎದುರು ನಿಂತು, ತಲೆ ತಗ್ಗಿಸಿ, ಅವಳಿಗಷ್ಟೇ ಕೇಳಿಸುವ ಹಾಗೆ ಕೇಳಿದ.

"ನಿನ್ನ ಹೆಸರೇನಮ್ಮಾ?"

ಮೈಕು ಕೈಯಲ್ಲಿತ್ತು. ಅದರ ಬಾಯಿ ಮುಚ್ಚುವುದನ್ನು, ಅಷ್ಟು ವರ್ಷ ಅದರಿಂದಲೇ ಉಂಡವನು, ಮರೆತಿದ್ದ. ಅವನ ಪ್ರಶ್ನೆ ಕಂಬ ಕಂಬದ ಮೇಲಿನ ಸ್ಪೀಕರುಗಳಿಂದ ಹೊರಟು ಸ್ಟ್ಯಾಂಡಿಗೆ, ಲಾಯಕ್ಕೆ, ಹಿಂಗೋಡೆಯ ಆಚೆಗೂ ಹೋಯಿತು. ಯಾರೋ ತಮಾಷೆ ಎಂದುಕೊಂಡು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ತನ್ನ ತಂಗಿಯ ಹೆಸರು ಗೊತ್ತಿಲ್ಲದ ಗಂಡಸೊಬ್ಬ ಹಗಲು ಬೆಳಕಿನಲ್ಲಿ ಅಷ್ಟು ಜನರ ಮುಂದೆ ನಿಂತಿದ್ದ. ಕಿಟಕಿಯ ಕೆಳಗೆ ಕುಳಿತ ಮುದುಕಿಗೂ ಈಗ ಎಲ್ಲ ತಿಳಿದಿರಬೇಕು, ಯಾರು ಯಾರನ್ನು ಕರೆದಿದ್ದರು, ಕರೆದಿರಲಿಲ್ಲ ಎನ್ನುವುದು.

ಅವಳು ಅವನ ಮುಖ ನೋಡಿದಳು, ಮೈಕು ನೋಡಿದಳು. ಮೈಕಿಗೆ ಕೈ ಚಾಚಲಿಲ್ಲ. ನಿಂತಲ್ಲಿಂದಲೇ, ಅವಸರವಿಲ್ಲದೆ, ಹೆಸರು ಹೇಳಿದಳು. ಅದು ಸ್ಪೀಕರುಗಳಲ್ಲಿ ಅವಳ ಧ್ವನಿಯಲ್ಲೇ ಕೇಳಿಸಿತು.

ಅದು ಅವನ ಅಜ್ಜಿಯ ಹೆಸರು, ಅಪ್ಪನನ್ನು ಹೆತ್ತವಳದು. ಅಜ್ಜಿ ಅವರ ಮನೆಯಲ್ಲೇ ಇದ್ದು ಅಲ್ಲೇ ಕಣ್ಣು ಮುಚ್ಚಿದವಳು. ಇಷ್ಟು ಸಾಕಿ ಸಲಹಿದೆ, ಮೊಮ್ಮಕ್ಕಳಲ್ಲಿ ಒಂದಕ್ಕೂ ನನ್ನ ಹೆಸರಿಡಲಿಲ್ಲವಲ್ಲೋ ಎಂದು ಕೊನೆಯ ಉಸಿರಿನವರೆಗೂ ಮಗನನ್ನು ಹಂಗಿಸುತ್ತಿದ್ದಳು. ಅಪ್ಪ ಒಂದು ದಿನವೂ ಎದುರಾಡಲಿಲ್ಲ; ತಲೆ ತಗ್ಗಿಸಿ ಬೂಟಿಗೆ ಎಣ್ಣೆ ತಿಕ್ಕುತ್ತ ಕೂತಿರುತ್ತಿದ್ದ. ಇಟ್ಟಿದ್ದೇನೆ ಕಣಮ್ಮ ಎನ್ನಲು ಆ ಮನೆಯಲ್ಲಿ ಅವನಿಗೆ ಬಾಯಿ ಇರಲಿಲ್ಲ. ಅರ್ಧ ಮೈಲಿ ದೂರದಲ್ಲಿ ತನ್ನ ಹೆಸರು ಅಂಬೆಗಾಲಿಡುತ್ತಿದ್ದದ್ದು ತಿಳಿಯದೆಯೇ ಅಜ್ಜಿ ಹೋದಳು.

ಹಿಂದೆ ತಂಗಿ ಅಯ್ಯೋ ಎಂದದ್ದು ಕೇಳಿಸಿತು. ಅವನು ಮೈಕನ್ನು ಬಾಯಿಗೆ ತಂದ. ಕರೆಯುವುದು ಅವನ ಕೆಲಸ, ಕರೆಯಬೇಕಿತ್ತು. ಎಂಥೆಂಥ ಕುದುರೆಗಳ ಬಾಯಿ ತಿರುಗದ ಹೆಸರುಗಳನ್ನು ಓಟದ ವೇಗದಲ್ಲಿ ಹೇಳಿದ ನಾಲಿಗೆ ಆ ಹಳೆಯ ಕಾಲದ ಸಣ್ಣ ಹೆಸರಿಗೆ ತೊದಲಿತು. ಎರಡನೆಯ ಸಲ ಸರಿಯಾಗಿ ಕರೆದ.

ಅವಳು ಕಟಕಟೆಯ ಕೆಳಗೆ ನುಸುಳಿ ಬಂದು, ಅವನು ಬಿಟ್ಟಿದ್ದ ಲಗಾಮಿನ ತುದಿಯನ್ನು ಹಿಡಿದುಕೊಂಡಳು. ಅವನು ಕೊನೆಯಲ್ಲಿ ನಿಂತ. ಎಲ್ಲರೂ ಈ ಕಡೆ ನೋಡಿ ಎಂದು ಫೋಟೋದವನು ಎರಡು ಸಲ ಕೂಗಿದ. ಫೋಟೋ ಈಗ ಗೋಡೆಯ ಮೇಲಿದೆ. ಅದರಲ್ಲಿ ಇಬ್ಬರು ಹೆಂಗಸರು, ಜಾಕಿ ನೇರ ನೋಡುತ್ತಿದ್ದಾರೆ, ಕುದುರೆ ಕೂಡ; ಅವನೊಬ್ಬ ಮಾತ್ರ ನೆಲ ನೋಡುತ್ತಿದ್ದಾನೆ.